ಕಾಪರ್‌ಬ್ಯಾಂಡ್ ಮತ್ತು ಹುಳುವಿನ ಡಬ್ಬಿ

ಮನೆಯ ಉಪ್ಪುನೀರಿನ ಹವಳದ ಟ್ಯಾಂಕಿನಲ್ಲಿ ಮೊದಲ ಐಪ್ಟೇಸಿಯಾ ಕಣ್ಣಿಗೆ ಬಿದ್ದ ದಿನ ನಾನು ಖುಷಿಪಟ್ಟಿದ್ದೆ. ಹೇಳಿಕೊಳ್ಳಲು ನಾಚಿಕೆ, ಆದರೂ ನಿಜ. ಝೋವಾಂತಿಡ್ ಹವಳದ ಸಣ್ಣ ತುಂಡೊಂದನ್ನು ತಂದಿದ್ದೆ. ಅದು ಅಂಟಿಕೊಂಡಿದ್ದ ಬಿಲ್ಲೆಯ ಅಡಿಯಿಂದ ಕಡ್ಡಿಯಷ್ಟು ದಪ್ಪದ, ಗಾಜಿನ ಹಾಗೆ ಅರೆಪಾರದರ್ಶಕವಾದ ಕಂದು ಜೀವವೊಂದು ಮೊನಚು ಎಳೆಗಳ ಕುಚ್ಚನ್ನು ಹೊರಗೆ ಚಾಚಿತ್ತು. ಹೂವಿನಂತೆ ಅರಳುವ ಕಡಲಜೀವಿ, ಅನಿಮೋನ್, ದುಡ್ಡು ಕೊಡದೆ ಮನೆಗೆ ಬಂತಲ್ಲ ಅಂದುಕೊಂಡೆ. ಕ್ಲೌನ್‌ಫಿಶ್ ಜೋಡಿ ಅದರಲ್ಲಿ ವಾಸ ಹೂಡಬಹುದೆಂಬ ಆಸೆಯೂ ಇತ್ತು. ಅದಕ್ಕೆ ಚೂರು ಆಹಾರ ಕೂಡ ಹಾಕಿದೆ. ಐಪ್ಟೇಸಿಯಾ ಹವಳದ ಟ್ಯಾಂಕಿನ ಕಳೆ. ಕಳೆಗೆ ಗೊಬ್ಬರ ಹಾಕಿದವನು ನಾನು. ಅದನ್ನು ಕೀಳಲು ಕೊನೆಗೆ ಕಾಪರ್‌ಬ್ಯಾಂಡ್ ಎಂಬ ಮೀನನ್ನು ತರಬೇಕಾಯಿತು.

ಟ್ಯಾಂಕ್ 450 ಲೀಟರಿನದು, ಐದು ಅಡಿ ಉದ್ದ. ಮೀನುಗಳಲ್ಲಿ ಕ್ಲೌನ್ ಜೋಡಿಯಲ್ಲದೆ ಒಂದು ಹಳದಿ ಟ್ಯಾಂಗ್, ಒಂದು ಸಿಕ್ಸ್‌ಲೈನ್ ರಾಸ್, ಕಲ್ಲಿನ ತೂತಿನಿಂದ ಇಣುಕುತ್ತ ಕೂರುವ ಒಂದು ಬ್ಲೆನಿ. ಹವಳಗಳಲ್ಲಿ ಹ್ಯಾಮರ್, ಅಕಾನ್, ಝೋವಾಂತಿಡ್‌ಗಳು. ಜೊತೆಗೆ ನನ್ನ ಹೆಮ್ಮೆಯ ಟ್ರೈಡಾಕ್ನಾ ಎಂಬ ಒಂದು ಪುಟ್ಟ ಜೀವಂತ ಚಿಪ್ಪು. ಆರು ತಿಂಗಳಾಗುವಷ್ಟರಲ್ಲಿ ಹ್ಯಾಮರ್ ಹವಳ ಒಂದು ಮಗ್ಗುಲಲ್ಲಿ ಅರಳುವುದನ್ನು ನಿಲ್ಲಿಸಿತು. ಆ ಮಗ್ಗುಲ ಕಲ್ಲಿನ ಸಂದಿಯಲ್ಲಿ ಐದು ಐಪ್ಟೇಸಿಯಾಗಳು ಕುಳಿತು ಅದನ್ನು ಕುಟುಕುತ್ತಿದ್ದವು. ಒಂದು ರಾತ್ರಿ ದೀಪ ಆರಿದ ಮೇಲೆ ಟಾರ್ಚ್ ಹಿಡಿದು ಎಣಿಸಿದೆ. ಮುಂದಿನ ಗಾಜಿನಿಂದ ಕಂಡವೇ ಅರವತ್ತಮೂರು. ನೀರು ಕೆಳಗಿಳಿಯುವ ಓವರ್‌ಫ್ಲೋ ಪೆಟ್ಟಿಗೆಯೊಳಗೆ, ಆ ನೀರನ್ನು ಸೋಸುವ ಕೆಳಗಿನ ತೊಟ್ಟಿಯಾದ ಸಂಪಿನ ಗೋಡೆಗೆ ಅಂಟಿದ್ದವನ್ನು ಎಣಿಸುವ ಧೈರ್ಯ ಬರಲಿಲ್ಲ.

ಇಷ್ಟೊಂದು ಹೇಗಾದವು ಎಂದರೆ, ಇವು ಜಾರುತ್ತ ಸಾಗುವಾಗ ಪಾದದ ಅಂಚಿನಿಂದ ಚೂರುಗಳನ್ನು ಹಿಂದೆ ಬಿಟ್ಟುಹೋಗುತ್ತವೆ. ಪ್ರತಿ ಚೂರೂ ಒಂದೊಂದು ಅನಿಮೋನ್ ಆಗಿ ಬೆಳೆಯುತ್ತದೆ. ಮೈಯೊಳಗೆ ಸಾಕಿಕೊಂಡ ಪಾಚಿಕಣಗಳು ಬೆಳಕಿನಿಂದ ಊಟ ಮಾಡಿ ಬಡಿಸುತ್ತವೆ. ಮೀನಿಗೆಂದು ಹಾಕಿದ್ದರಲ್ಲೂ ಪಾಲು ಸಿಗುತ್ತದೆ. ಮುಟ್ಟಿದರೆ ಸರಕ್ಕನೆ ತೂತಿನೊಳಗೆ ಎಳೆದುಕೊಳ್ಳುತ್ತವೆ. ಜಾಸ್ತಿ ಕೆಣಕಿದರೆ ಬಿಳಿ ದಾರದಂಥ ಕುಟುಕುವ ಎಳೆಗಳನ್ನು ಉಗುಳುತ್ತವೆ. ಇಷ್ಟು ಸುಲಭವಾಗಿ ಬೆಳೆಯುವುದರಿಂದಲೇ ಹವಳ ಮತ್ತು ಪಾಚಿಯ ಸಹಜೀವನವನ್ನು ಅಭ್ಯಾಸ ಮಾಡುವ ವಿಜ್ಞಾನಿಗಳಿಗೆ ಇವು ಅಚ್ಚುಮೆಚ್ಚು. 2015ರಲ್ಲಿ ಇದರ ಜಿನೋಮ್ ಕೂಡ ಪ್ರಕಟವಾಯಿತು. ಪ್ರಯೋಗಾಲಯದಲ್ಲಿ ಚಿನ್ನ, ನಮ್ಮ ಟ್ಯಾಂಕಿನಲ್ಲಿ ರಕ್ತಬೀಜಾಸುರ.

ರಕ್ತಬೀಜನ ಮೇಲೆ ನಾನು ಮೊದಲು ಎತ್ತಿದ ಆಯುಧ ಚಿಮುಟ. ಕಿತ್ತೆ. ಕಿತ್ತ ಜಾಗದಲ್ಲಿ ಮೂರು ವಾರದ ನಂತರ ನಾಲ್ಕು ಮರಿಗಳು. ಆಮೇಲೆ ಸಿರಿಂಜ್‌ನಲ್ಲಿ ನಿಂಬೆರಸ. ಅದು ಬಾಯಿಯೊಳಗೆ ಸರಿಯಾಗಿ ಇಳಿದರೆ ಸಾಯುತ್ತದೆ, ಆದರೆ ಸೂಜಿ ಹತ್ತಿರ ಹೋಗುವಷ್ಟರಲ್ಲೇ ಒಳಗೆ ಸರಿದಿರುತ್ತದೆ. ಕ್ಯಾಲ್ಷಿಯಂ ಹೈಡ್ರಾಕ್ಸೈಡನ್ನು ಪೇಸ್ಟಿನಂತೆ ಕಲಸಿ ತೂತು ಮುಚ್ಚುವುದು ಇದ್ದುದರಲ್ಲಿ ಚೆನ್ನಾಗಿ ಕೆಲಸ ಮಾಡಿತು. ಆದರೆ ಅದು ನೀರಿನ ಪಿಎಚ್ ಏರಿಸುವುದರಿಂದ ಒಂದು ಸಲಕ್ಕೆ ಐದಾರಕ್ಕಿಂತ ಹೆಚ್ಚು ಮುಚ್ಚುವ ಹಾಗಿಲ್ಲ. ವಾರಕ್ಕೆ ಆರು ಕೊಂದರೆ ಕಲ್ಲಿನ ಹಿಂದೆ ಎಂಟು ಹುಟ್ಟುತ್ತಿದ್ದವು. ಈ ಲೆಕ್ಕ ಅರ್ಥವಾಗಲು ನನಗೆ ಎರಡು ತಿಂಗಳು ಬೇಕಾಯಿತು. ಕೈಗೆಟುಕುವ ನಾಲ್ಕೈದು ಇದ್ದಾಗ ಸಿರಿಂಜ್ ಸಾಕು; ಕೈಯೆಟುಕದ ಕಡೆ ಒಂದು ಸಂಸಾರ ಬೆಳೆದ ಮೇಲೆ ಸಿರಿಂಜ್ ಬರೀ ನಮ್ಮ ಸಮಾಧಾನಕ್ಕೆ.

ಪೆಪ್ಪರ್‌ಮಿಂಟ್ ಸಿಗಡಿ ನಾಲ್ಕು ತಂದೆ. ಅವುಗಳಲ್ಲಿ ಎರಡು, ಮೂರನೇ ದಿನದಿಂದ ಕಾಣಲೇ ಇಲ್ಲ. ಉಳಿದೆರಡು ಎಳೆಯ ಐಪ್ಟೇಸಿಯಾಗಳನ್ನು ಮೇಯ್ದದ್ದು ಹೌದು. ಆದರೆ ಮೀನಿನ ಆಹಾರದ ರುಚಿ ಹತ್ತಿದ ಮೇಲೆ ದುಡಿಮೆ ಬಿಟ್ಟು ಅಕಾನ್ ಹವಳದ ಬಾಯಿಂದ ತುತ್ತು ಕಸಿಯುವುದಕ್ಕೆ ನಿಂತವು. ಈ ಸಿಗಡಿ ತರುವವರು ಇನ್ನೊಂದು ವಿಷಯ ಗಮನಿಸಬೇಕು. ಬೆನ್ನು ಗೂನಾಗಿ, ಕಣ್ಣು ದೊಡ್ಡದಾಗಿ, ಮೈಮೇಲೆ ಬಿಳಿ ಗೆರೆಗಳಿರುವ ಒಂಟೆ ಸಿಗಡಿಯೂ ಎಷ್ಟೋ ಸಲ ಇದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ಅದು ಹವಳವನ್ನೇ ತಿನ್ನುತ್ತದೆ.

ಬರ್ಗಿಯಾ ಎಂಬ ಪುಟ್ಟ ಕಡಲ ಗೊಂಡೆಹುಳು ಐಪ್ಟೇಸಿಯಾ ಬಿಟ್ಟು ಬೇರೇನನ್ನೂ ತಿನ್ನುವುದಿಲ್ಲ. ಕಾಗದದ ಮೇಲೆ ಅದೇ ಅತ್ಯುತ್ತಮ ದಾರಿ. ನನ್ನ ಟ್ಯಾಂಕಿನಲ್ಲಿ ಮಾತ್ರ ಸಿಕ್ಸ್‌ಲೈನ್ ರಾಸ್ ಇತ್ತು. ಕಲ್ಲಿನ ಮೇಲೆ ಹರಿದಾಡುವ ಯಾವ ಸಣ್ಣ ಜೀವಿಯೂ ಅದರ ಕಣ್ಣು ತಪ್ಪಿಸಿ ಉಳಿಯದು. ಆ ರಾಸನ್ನು ಹಿಡಿಯಬೇಕಾದರೆ ಕಲ್ಲುಗಳನ್ನೆಲ್ಲ ಕಿತ್ತು ಹೊರಗಿಡಬೇಕು. ಹೀಗಾಗಿ ಉಳಿದದ್ದು ಅನಿಮೋನ್ ತಿನ್ನುವ ಚಿಟ್ಟೆಮೀನು.

ಚಿಟ್ಟೆಮೀನುಗಳ ಕುಟುಂಬದಲ್ಲಿ ಸುಮಾರು 130 ಜಾತಿಗಳಿವೆ. ಅವುಗಳಲ್ಲಿ ಬಹಳಷ್ಟು ಹವಳ ಮೇಯುವವೇ. ಅನಿಮೋನ್ ತಿನ್ನುವ ಬಾಯಿಗೆ ಹವಳವೂ ಅದೇ ಜಾತಿಯ ತಿನಿಸು ತಾನೇ. ಎರಡೂ ಒಂದೇ ಬಳಗದವು. ರಕೂನ್ ಚಿಟ್ಟೆಮೀನು ಐಪ್ಟೇಸಿಯಾವನ್ನು ಕಂಡಲ್ಲಿ ಮುಗಿಸುತ್ತದೆ, ಆದರೆ ಹವಳದ ತೊಟ್ಟಿಯಲ್ಲಿ ಅದನ್ನು ನಂಬುವ ಹಾಗಿಲ್ಲ. ಹವಳವಿಲ್ಲದ, ಬರೀ ಮೀನುಗಳ ಟ್ಯಾಂಕಿನವರಿಗೆ ಅದು ಸರಿ. ಕ್ಲೈನ್ಸ್ ಚಿಟ್ಟೆಮೀನು ಗಟ್ಟಿ ಜೀವ, ಬಂದ ದಿನವೇ ಊಟಕ್ಕೆ ನಿಲ್ಲುತ್ತದೆ. ಝೋವಾಂತಿಡ್ ಮತ್ತು ಮೃದುಹವಳಗಳನ್ನು ಬಿಟ್ಟರೆ ಬಿಟ್ಟಿತು, ಇಲ್ಲದಿದ್ದರೆ ಇಲ್ಲ. ಉದ್ದ ಮೂತಿಯ ಹಳದಿ ಫೋರ್ಸಿಪಿಗರ್ ಹವಳದ ಜೊತೆ ಸಭ್ಯ, ಐಪ್ಟೇಸಿಯಾದ ಜೊತೆಗೂ ಅಷ್ಟೇ ಸಭ್ಯ. ಇವೆಲ್ಲದರ ನಡುವಿನ ರಾಜಿಯೇ ಕಾಪರ್‌ಬ್ಯಾಂಡ್ ಚಿಟ್ಟೆಮೀನು: ಬೆಳ್ಳಿಬಿಳುಪಿನ ಮೈಮೇಲೆ ತಾಮ್ರ ಕಿತ್ತಳೆ ಬಣ್ಣದ ಪಟ್ಟೆಗಳು, ಬೆನ್ನಿನ ರೆಕ್ಕೆಯ ಹಿಂಬದಿಯಲ್ಲಿ ಹುಸಿಗಣ್ಣಿನ ಕಪ್ಪು ಬೊಟ್ಟು, ಇಕ್ಕಳದಂಥ ಮೂತಿ. ಬಹುತೇಕ ಹವಳಗಳನ್ನು ಮುಟ್ಟುವುದಿಲ್ಲ, ಐಪ್ಟೇಸಿಯಾವನ್ನು ಸಾಮಾನ್ಯವಾಗಿ ತಿನ್ನುತ್ತದೆ. ಆ 'ಸಾಮಾನ್ಯವಾಗಿ' ಎಂಬ ಪದವನ್ನು ನಾನು ಆಗ ಓದಿಕೊಂಡು ಮುಂದೆ ಹೋದೆ. ಅದು ಬಾಳುವುದೇ ಕಷ್ಟ ಎಂಬ ಸಾಲನ್ನೂ ಹಾಗೆಯೇ ದಾಟಿದೆ.

ಇದರ ಬಗ್ಗೆ ಒಂದು ಹಳೆಯ ಸಂಗತಿಯಿದೆ. 1758ರಲ್ಲಿ ಲಿನೇಯಸ್ ಇದಕ್ಕೆ ಇಟ್ಟ ಹೆಸರಿನಲ್ಲಿರುವ ರೋಸ್ಟ್ರೇಟಸ್ ಎಂದರೆ ಕೊಕ್ಕುಳ್ಳದ್ದು. ಬಾಯಿಂದ ನೀರು ಚಿಮ್ಮಿ ಕೀಟ ಬೀಳಿಸುವ ಮೀನಿನ ಸುದ್ದಿ 18ನೇ ಶತಮಾನದಲ್ಲಿ ಯುರೋಪಿಗೆ ಮುಟ್ಟಿದಾಗ, ಅದರ ಜೊತೆ ಹೋದ ಮಾದರಿ ಈ ಕಾಪರ್‌ಬ್ಯಾಂಡ್‌ದು. ಉದ್ದ ಮೂತಿ ನೋಡಿ ಪಿಚಕಾರಿ ಇದೇ ಎಂದುಕೊಂಡರು. ಚಿಮ್ಮುವುದು ಬೇರೆ ಮೀನು, ಆರ್ಚರ್ ಫಿಶ್. ತಾನು ಒಪ್ಪಿಕೊಳ್ಳದ ಕೆಲಸವನ್ನು ಈ ಮೀನಿನ ತಲೆಗೆ ಕಟ್ಟುವುದು ನನ್ನಿಂದ ಶುರುವಾದದ್ದೇನಲ್ಲ.

ಮೊದಲ ಕಾಪರ್‌ಬ್ಯಾಂಡ್ ನನ್ನ ಬಳಿ ಹನ್ನೊಂದು ದಿನ ಬದುಕಿತ್ತು.

ಅಂಗಡಿಯವರು "ನಿನ್ನೆಯಷ್ಟೇ ತಿಂದಿದೆ ಸಾರ್" ಅಂದಿದ್ದರು. ತಿನ್ನುವುದನ್ನು ನನಗೆ ತೋರಿಸಿ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಪಟ್ಟೆಗಳ ಹೊಳಪನ್ನೇ ನೋಡುತ್ತ ನಿಂತೆ. ನೋಡಬೇಕಿದ್ದದ್ದು ತಲೆಯ ಹಿಂದಿನ ಬೆನ್ನು. ಹಸಿದ ಚಿಟ್ಟೆಮೀನಿನ ಮಾಂಸ ಮೊದಲು ಕರಗುವುದು ಅಲ್ಲಿ. ಮುಂದಿನಿಂದ ನೋಡಿದರೆ ಕಣ್ಣುಗಳ ಮೇಲ್ಭಾಗ ಚಿವುಟಿದ ಹಾಗೆ ಕಾಣುತ್ತದೆ. ಮನೆಗೆ ತಂದು ಬಿಟ್ಟ ಮೇಲೆ ಅದು ಕಲ್ಲಿನ ಸಂದಿಗಳನ್ನೆಲ್ಲ ಮೂಸುತ್ತಿತ್ತು, ಮೈಸಿಸ್ ಎಂಬ ಪುಟ್ಟ ಸಿಗಡಿಯಂಥ ಆಹಾರ ಹಾಕಿದರೆ ಹತ್ತಿರ ಬಂದು ಒಂದೊಂದನ್ನೂ ಒಂದೊಂದು ಕಣ್ಣಿನಿಂದ ಪರೀಕ್ಷಿಸಿ ತಿರುಗಿ ಹೋಗುತ್ತಿತ್ತು. ಅರವತ್ತು ಐಪ್ಟೇಸಿಯಾಗಳ ನಡುವೆ ಉಪವಾಸ. ಹೊರಗಿನಿಂದ ಬಂದ ಮೀನು, ದಾರಿಯಲ್ಲಿ ಎಷ್ಟು ದಿನ ಹೊಟ್ಟೆಗಿಲ್ಲದೆ ಕಳೆದಿತ್ತೋ, ತಿನ್ನುವ ಹುರುಪೇ ಅದರಲ್ಲಿ ಸತ್ತಿತ್ತು. ಟ್ಯಾಂಗ್ ಬೇರೆ ಹಗಲಿಡೀ ಅಟ್ಟಾಡಿಸುತ್ತಿತ್ತು. ಹನ್ನೊಂದನೆಯ ಬೆಳಗ್ಗೆ, ಅಲೆ ಎಬ್ಬಿಸುವ ಪಂಪು ವೇವ್‌ಮೇಕರ್‌ನ ಜಾಲರಿಗೆ ಸತ್ತು ಒರಗಿಕೊಂಡಿತ್ತು. ಅಂಗಡಿಯ ಮೇಲೆ ಸಿಟ್ಟು ಬಂದದ್ದು ಹೌದು, ಆದರೆ ಅದು ಎರಡು ದಿನಕ್ಕಿಂತ ಹೆಚ್ಚು ಉಳಿಯಲಿಲ್ಲ. ನಾನು ತಂದದ್ದು ಮೀನನ್ನಲ್ಲ, ಕಳೆ ಕೀಳುವ ಆಳನ್ನು. ಆಳಿಗೆ ಊಟ ಏನು, ಜಾಗ ಎಲ್ಲಿ, ಮೈ ಹೇಗಿದೆ ಎಂದು ವಿಚಾರಿಸದೆ ಗದ್ದೆಗೆ ಇಳಿಸಿದ್ದೆ.

ಎರಡನೆಯದಕ್ಕೆ ಐದು ತಿಂಗಳು ಬಿಟ್ಟು ಕೈ ಹಾಕಿದೆ. ಆ ಐದು ತಿಂಗಳ ಸಿದ್ಧತೆಯನ್ನು ಈಗ ನೆನೆದರೆ ಕೌಪೀನದ ಕಥೆ ನೆನಪಾಗುತ್ತದೆ. ಕೌಪೀನ ಕಡಿಯುವ ಇಲಿಗೆಂದು ಸನ್ಯಾಸಿ ಬೆಕ್ಕು ತಂದ, ಬೆಕ್ಕಿಗೆ ಹಾಲಿಗೆಂದು ಹಸು, ಹಸುವಿಗೆ ಹುಲ್ಲಿಗೆಂದು ಹೊಲ, ಕೊನೆಗೆ ಇವೆಲ್ಲ ನೋಡಿಕೊಳ್ಳಲು ಹೆಂಡತಿ. ನನ್ನ ಹೆಂಡತಿ ಮೊದಲೇ ಇದ್ದಳು, ಅದೊಂದು ಪುಣ್ಯ.

ಮೊದಲು 80 ಲೀಟರಿನ ಕ್ವಾರಂಟೈನ್ ಟ್ಯಾಂಕ್ ಬಂತು. ಅದಕ್ಕೆ ಸ್ಪಂಜ್ ಫಿಲ್ಟರ್. ಆ ಸ್ಪಂಜನ್ನು ಒಂದು ತಿಂಗಳು ದೊಡ್ಡ ಟ್ಯಾಂಕಿನ ಸಂಪಿನಲ್ಲಿ ಮುಳುಗಿಸಿಟ್ಟು ಬ್ಯಾಕ್ಟೀರಿಯಾ ಹಿಡಿಸಿದೆ. ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡುಗಳು. ಆಮೇಲೆ ಹುಳು. ಹಟ ಹಿಡಿದ ಕಾಪರ್‌ಬ್ಯಾಂಡ್ ಬಾಯಿ ತೆರೆಯುವುದು ಜೀವಂತ ಬ್ಲ್ಯಾಕ್‌ವರ್ಮ್ ಅಲುಗಾಟಕ್ಕೆ. ಅವು ಸಿಹಿನೀರಿನ ಹುಳುಗಳು, ತಂಪಿನಲ್ಲಿ ಅಗಲ ತಟ್ಟೆಯಲ್ಲಿ ತೆಳ್ಳಗೆ ನೀರು ನಿಲ್ಲಿಸಿ ದಿನಾ ತೊಳೆದರೆ ವಾರಗಟ್ಟಲೆ ಬದುಕುತ್ತವೆ. ತಂಪು ಎಂದರೆ ಫ್ರಿಜ್. ಎರಡನೇ ದಿನ ಮುಚ್ಚಳ ತೆರೆದು ನೋಡಿದ ಹೆಂಡತಿ ಕೂಗಿದಳು.

"ಇದೇನ್ರೀ ಇದು, ಓಡಾಡ್ತಿದೆ!"

"ಮೀನಿನ ಊಟ ಕಣೇ."

"ಮೀನೆಲ್ಲಿದೆ?"

"ಇನ್ನೂ ಬಂದಿಲ್ಲ."

ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆ ವಾರಾಂತ್ಯ ಟ್ಯಾಂಕಿನ ಕೋಣೆಗೆ ಒಂದು ಚಿಕ್ಕ ಫ್ರಿಜ್ ಬಂತು.

ಎಲ್ಲಕ್ಕಿಂತ ತಮಾಷೆಯದು ಬಕೆಟ್. ಸಂಪಿನಿಂದ ಐಪ್ಟೇಸಿಯಾ ಹತ್ತಿದ ಏಳೆಂಟು ಸಣ್ಣ ಕಲ್ಲುಗಳನ್ನು ಆರಿಸಿ, ಉಪ್ಪುನೀರು ತುಂಬಿದ ಬಕೆಟ್ಟಿಗೆ ಹಾಕಿ, ಗಾಳಿಕಲ್ಲು ಇಳಿಬಿಟ್ಟು, ಮೇಲೊಂದು ದೀಪ ಕಟ್ಟಿದೆ. ಎರಡು ದಿನಕ್ಕೊಮ್ಮೆ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸಿಗಡಿಯ ಮರಿ ಉಣಿಸುತ್ತಿದ್ದೆ. ಒಂದು ಕೋಣೆಯಲ್ಲಿ ಸಿರಿಂಜ್ ಹಿಡಿದು ಕೊಲ್ಲುವುದು, ಪಕ್ಕದಲ್ಲೇ ಕೂತು ಸಾಕುವುದು. ಹೊಸ ಮೀನಿಗೆ ಕ್ವಾರಂಟೈನ್‌ನಲ್ಲೇ ಐಪ್ಟೇಸಿಯಾದ ರುಚಿ ಹತ್ತಿಸಬೇಕು ಎಂಬುದು ಯೋಚನೆ.

ಈ ಸಲ ಅಂಗಡಿಯಲ್ಲಿ ಮೀನನ್ನು ಗುರುತು ಮಾಡಿ, ಹತ್ತು ದಿನ ಅಲ್ಲೇ ಇರಿಸಿಕೊಳ್ಳಿ ಎಂದು ಮುಂಗಡ ಕೊಟ್ಟು ಬಂದೆ. ಮೂರು ಸಲ ಹೋಗಿ ನೋಡಿದೆ. ಮೂರನೇ ಸಲ ಅದು ನನ್ನೆದುರಿಗೇ, ಹೆಪ್ಪು ಕರಗಿಸಿ ಹಾಕಿದ ಮೈಸಿಸನ್ನು ನೀರಿನ ನಡುವಿನಿಂದ ಹೆಕ್ಕಿ ತಿಂದಿತು. ಸುಮಾರು 9 ಸೆಂಟಿಮೀಟರ್ ಉದ್ದವಿತ್ತು. ಇವು 20 ಸೆಂಟಿಮೀಟರ್ ತನಕ ಬೆಳೆಯುತ್ತವೆ, ಆದರೆ ತೀರಾ ಚಿಕ್ಕದಕ್ಕೆ ಹಸಿವು ತಡೆಯುವ ಶಕ್ತಿಯಿಲ್ಲ, ತೀರಾ ದೊಡ್ಡದು ಹೊಸ ಆಹಾರಕ್ಕೆ ಬಗ್ಗುವುದಿಲ್ಲ. ನಡುವಿನ ಗಾತ್ರವೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಕ್ವಾರಂಟೈನ್‌ನ ಮೊದಲ ಎರಡು ದಿನ ದೀಪ ಮಂಕು, ಮೂರು ಬದಿಗೆ ಕಾಗದ, ನಾನು ಕೋಣೆಯೊಳಗೆ ಬೆಕ್ಕಿನ ಹೆಜ್ಜೆ. ಮೂರನೇ ದಿನ ಬ್ಲ್ಯಾಕ್‌ವರ್ಮ್ ಹಾಕಿದೆ. ಉಪ್ಪುನೀರಿನಲ್ಲಿ ಅವು ಕೆಲವೇ ನಿಮಿಷ ಅಲುಗಾಡುತ್ತವೆ, ಅಷ್ಟರೊಳಗೆ ಮೀನು ನೋಡಬೇಕು. ನೋಡಿತು. ಒಂದು ಹುಳುವನ್ನು ಶಾವಿಗೆ ಎಳೆಯಂತೆ ಹೀರಿತು. ನಾನು ಉಸಿರು ಬಿಟ್ಟೆ. ಆಮೇಲಿನ ವಾರಗಳಲ್ಲಿ ಹುಳುವಿನ ಜೊತೆ ಮೈಸಿಸ್ ಬೆರೆಸುತ್ತ, ಹುಳು ಕಡಿಮೆ ಮಾಡುತ್ತ, ಮೈಸಿಸ್ ಹೆಚ್ಚಿಸುತ್ತ ಹೋದೆ. ಅರ್ಧ ತೆರೆದ ಕಪ್ಪೆಚಿಪ್ಪನ್ನು ಫ್ರೀಜರ್‌ನಲ್ಲಿಟ್ಟು ತೆಗೆದು ತಳದಲ್ಲಿ ಇಡುತ್ತಿದ್ದೆ. ಮಾಂಸ ಮುಗಿದ ಮೇಲೆ ಅದೇ ಖಾಲಿ ಚಿಪ್ಪಿನೊಳಗೆ ಮೈಸಿಸ್ ಒತ್ತಿ ಇಡುವುದು. ಸಂದಿಯಿಂದ ಹೆಕ್ಕಿ ತಿನ್ನುವ ಮೂತಿಗೆ ತಟ್ಟೆಯೂ ಸಂದಿಯೇ ಆಗಿರಬೇಕು. ದಿನಕ್ಕೆ ನಾಲ್ಕು ಸಲ ಸ್ವಲ್ಪಸ್ವಲ್ಪ. ಅಷ್ಟು ತಿನ್ನಿಸಿದರೆ 80 ಲೀಟರಿನಲ್ಲಿ ಅಮೋನಿಯಾ ಏರದೆ ಇರುತ್ತದೆಯೇ? ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಿಸಿದೆ.

ಔಷಧಿಯಲ್ಲಿ ಕಿವಿರಿನ ಹುಳಗಳಿಗೆಂದು ಪ್ರಾಜಿಕ್ವಾಂಟೆಲ್ ಮಾತ್ರ, ಲೀಟರಿಗೆ 2.5 ಮಿಲಿಗ್ರಾಂ ಲೆಕ್ಕದಲ್ಲಿ, ವಾರದ ಅಂತರದಲ್ಲಿ ಎರಡು ಸಲ. ಎರಡೂ ಸಲ ಹಸಿವು ಒಂದು ದಿನ ಕುಂದಿತು. ಮೈಮೇಲೆ ಚುಕ್ಕೆ ಏಳಿಸುವ ಐಕ್ ಮತ್ತು ವೆಲ್ವೆಟ್ ರೋಗಗಳಿಗೆ ತಾಮ್ರದ ಔಷಧಿ ತಂದಿಟ್ಟಿದ್ದೆ, ರೋಗದ ಗುರುತು ಕಾಣಿಸದ್ದರಿಂದ ಹಾಕಲಿಲ್ಲ. ತಾಮ್ರ ಅನಿಮೋನ್‌ಗಳನ್ನು ಕೊಲ್ಲುತ್ತದೆ, ಕಲ್ಲು ಅದನ್ನು ಹೀರಿಕೊಂಡು ಕೂರುತ್ತದೆ. ಹಾಗಾಗಿ ತಾಮ್ರ ಹಾಕಿದ ನೀರಿಗೆ ನನ್ನ ಬಕೆಟ್ಟಿನ ಕಲ್ಲು ಇಳಿಸುವ ಹಾಗಿಲ್ಲ. ಒಂದು ವೇಳೆ ಮೈಮೇಲೆ ಚುಕ್ಕೆ ಕಂಡಿದ್ದರೆ ಕಲ್ಲಿನ ಆಸೆ ಬಿಟ್ಟು ತಾಮ್ರವನ್ನೇ ಹಾಕುತ್ತಿದ್ದೆ. ರೋಗ ದೊಡ್ಡ ಟ್ಯಾಂಕಿಗೆ ಹೋದರೆ ಐಪ್ಟೇಸಿಯಾ ಚಿಂತೆಯೇ ಸಣ್ಣದಾಗಿಬಿಡುತ್ತದೆ.

ನಾಲ್ಕನೇ ವಾರ ಬಕೆಟ್ಟಿನ ಮೊದಲ ಕಲ್ಲು ಇಳಿಸಿದೆ. ಐದು ದಿನ ತಿರುಗಿ ನೋಡಲಿಲ್ಲ. ಆರನೇ ದಿನ ನಾನು ಕೆಲಸಕ್ಕೆ ಹೋಗಿ ಬರುವಷ್ಟರಲ್ಲಿ ಕಲ್ಲು ಬೋಳಾಗಿತ್ತು. ಅದು ತಿಂದದ್ದನ್ನು ನೋಡಲು ಸಿಗಲಿಲ್ಲವಲ್ಲ ಎಂದು ಎರಡನೇ ಕಲ್ಲು ಹಾಕಿ ಕುರ್ಚಿ ಎಳೆದುಕೊಂಡು ಒಂದು ಗಂಟೆ ಕೂತೆ. ನಾನು ಎದ್ದು ಹೋದ ಮೇಲೇ ತಿಂದಿತು.

ಆರು ವಾರದ ನಂತರ ದೊಡ್ಡ ಟ್ಯಾಂಕಿಗೆ ವರ್ಗ. ಟ್ಯಾಂಗ್‌ನ ಕಾಟ ಮೊದಲ ಸಲ ನೋಡಿದ್ದೆನಲ್ಲ, ತೂತುಗಳುಳ್ಳ ಪಾರದರ್ಶಕ ಪೆಟ್ಟಿಗೆಯನ್ನು ಟ್ಯಾಂಕಿನೊಳಗೇ ತೂಗುಹಾಕಿ ಮೀನನ್ನು ಅದರಲ್ಲಿಟ್ಟೆ. ಟ್ಯಾಂಗ್ ಎರಡು ದಿನ ಪೆಟ್ಟಿಗೆಗೆ ಬಾಲ ಬೀಸಿ ಬಡಿಯಿತು, ಮೂರನೇ ದಿನ ಬೇಸರ ಬಂತು. ಬಿಡುಗಡೆಯ ದಿನ ಗಾಜಿನ ಹೊರಗೆ ಒಂದು ಕನ್ನಡಿ ಅಂಟಿಸಿದೆ. ಟ್ಯಾಂಗ್ ಸಂಜೆಯವರೆಗೂ ತನ್ನ ಪ್ರತಿಬಿಂಬದ ಜೊತೆ ಜಗಳವಾಡಿತು, ಅಷ್ಟರಲ್ಲಿ ಕಾಪರ್‌ಬ್ಯಾಂಡ್ ಕಲ್ಲಿನ ಸಂದುಗೊಂದುಗಳನ್ನೆಲ್ಲ ಪರಿಚಯ ಮಾಡಿಕೊಂಡಿತು.

ಈಗ ಕಾಯುವ ಕೆಲಸ. ಮೊದಲ ದಿನ ಇಲ್ಲ. ಎರಡನೇ ದಿನ ಇಲ್ಲ. ನಾನು ಎಣಿಸಿಟ್ಟ ಐಪ್ಟೇಸಿಯಾಗಳು ಎಣಿಸಿದಷ್ಟೇ ಇದ್ದವು, ಮೀನು ಮೈಸಿಸ್ ತಿಂದುಕೊಂಡು ಆರಾಮಾಗಿತ್ತು. ಸುಮ್ಮನೆ ಊಟ ನಿಲ್ಲಿಸಿಬಿಡು, ಹಸಿದರೆ ತಾನಾಗಿ ತಿನ್ನುತ್ತದೆ ಎಂದು ಬಹಳ ಜನ ಹೇಳುತ್ತಾರೆ. ನಾನು ಅದನ್ನು ಮಾಡಲಿಲ್ಲ, ಯಾರಿಗೂ ಮಾಡಿ ಎನ್ನುವುದಿಲ್ಲ. ಈ ಮೀನಿನ ಹಸಿವು ಹಟ ಮಾಡುವ ಮಗುವಿನ ಹಸಿವಲ್ಲ. ಒಂದು ಮಿತಿ ದಾಟಿದರೆ ಹಸಿವೇ ಅಳಿದುಹೋಗುತ್ತದೆ, ಆಮೇಲೆ ಏನಿಟ್ಟರೂ ಬಾಯಿ ಹಾಕುವುದಿಲ್ಲ. ಮೊದಲನೆಯದು ಅದನ್ನೇ ತೋರಿಸಿ ಹೋಗಿತ್ತು.

ಒಂಬತ್ತನೇ ದಿನ, ಭಾನುವಾರ, ಬೆಳಗಿನ ದೀಪ ಹತ್ತಿ ಅರ್ಧ ಗಂಟೆಯಾಗಿತ್ತು. ಮೀನು ಹ್ಯಾಮರ್ ಹವಳದ ಪಕ್ಕದ ಸಂದಿಯೆದುರು ನಿಂತಿತು. ನಿಂತಿತು ಎಂದರೆ ಪಕ್ಕದ ರೆಕ್ಕೆಗಳನ್ನಷ್ಟೇ ಬೀಸುತ್ತ, ಮೈ ಕೊಂಚ ವಾಲಿಸಿ, ತಲೆ ಕೆಳಗೆ ಮಾಡಿ, ಸೂಜಿಗೆ ದಾರ ಪೋಣಿಸುವವರು ಕಣ್ಣು ಕಿರಿದು ಮಾಡಿ ನೋಡುತ್ತಾರಲ್ಲ ಹಾಗೆ. ಒಂದು ಸಣ್ಣ ಐಪ್ಟೇಸಿಯಾದ ಎಳೆಯ ತುದಿಯನ್ನು ಚುಟುಕಿತು. ಅನಿಮೋನ್ ಒಳಸರಿಯಿತು. ಮೀನು ಎರಡು ಅಂಗುಲ ಹಿಂದೆ ಸರಿದು ಕಾಯಿತು. ಕಾಯುತ್ತದೆ ಎಂದು ನಾನು ಎಣಿಸಿರಲಿಲ್ಲ. ಒಂದೆರಡು ನಿಮಿಷದಲ್ಲಿ ಅನಿಮೋನ್ ಮತ್ತೆ ಹೊರಬಂದಾಗ ಈ ಸಲ ಮೂತಿ ಸೀದಾ ತೂತಿನೊಳಗೆ ಇಳಿಯಿತು. ತಲೆ ಕೊಡವಿತು. ಬಾಯಿಯ ತುದಿಯಲ್ಲಿ ಕಂದು ಲೋಳೆಯಂಥದ್ದೇನೋ ಕಂಡು ಮಾಯವಾಯಿತು. ಅಷ್ಟೇ. ಮೂತಿಯನ್ನು ಕಲ್ಲಿಗೆ ಒರೆಸಿದಂತೆ ಮಾಡಿ ಮುಂದಕ್ಕೆ ಹೋಯಿತು.

ನನ್ನ ಸೂಜಿ ಹೋಗದ ಸಂದಿಗೆ ಅದರ ಮೂತಿ ಹೋಗುತ್ತದೆ, ಇಡೀ ವಿಷಯ ಇಷ್ಟೇ. ಮೊದಲು ಮರಿಗಳನ್ನು ತೆಗೆಯಿತು, ಆಮೇಲೆ ನಡುಗಾತ್ರದವು. ದೊಡ್ಡವನ್ನು ಒಂದೇ ಸಲ ಮುಗಿಸುತ್ತಿರಲಿಲ್ಲ. ದಿನಾ ಬಂದು ನಾಲ್ಕೆಳೆ ಕಿತ್ತು ಹೋಗುವುದು, ಅವು ದಿನೇದಿನೇ ಸೊರಗುವುದು. ಮೂರನೇ ವಾರಕ್ಕೆ ಹ್ಯಾಮರ್ ಹವಳ ಆ ಮಗ್ಗುಲಲ್ಲೂ ಅರಳಿತು. ಎರಡೂವರೆ ತಿಂಗಳಿಗೆ ಟಾರ್ಚ್ ಹಾಕಿ ಹುಡುಕಿದರೆ ಸಿಕ್ಕಿದ್ದು ನಾಲ್ಕು, ನಾಲ್ಕೂ ಬೆರಳು ದಪ್ಪದವು. ಅವನ್ನು ನಾನೇ ಪೇಸ್ಟ್ ಹಾಕಿ ಮುಚ್ಚಿದೆ. ಮೀನು ಕೈಯೆಟುಕದ್ದನ್ನು ನೋಡಿಕೊಂಡರೆ ಕೈಗೆಟುಕುವುದಕ್ಕೆ ಸಿರಿಂಜ್ ಸಾಕು ಎಂದು ಮೊದಲೇ ಹೇಳಿದೆನಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸುಳ್ಳಾಗುತ್ತದೆ. ಐಪ್ಟೇಸಿಯಾದ ಜೊತೆ ಇನ್ನೂ ಕೆಲವು ಹೋದವು. ಕಲ್ಲಿನ ತುಂಬ ಪುಟ್ಟ ಬೀಸಣಿಗೆಗಳಂತೆ ಅರಳುತ್ತಿದ್ದ ಗರಿಹುಳುಗಳು ಮೊದಲ ವಾರದಲ್ಲೇ ಒಂದೂ ಉಳಿಯಲಿಲ್ಲ. ಅವು ಐಪ್ಟೇಸಿಯಾಕ್ಕಿಂತ ರುಚಿ ಇರಬೇಕು. ಮರಳಿನ ಕೊಳೆ ತಿಂದುಕೊಂಡಿದ್ದ ಬ್ರಿಸಲ್ ಹುಳುಗಳೂ ತೆಳುವಾದವು. ಅಕಾನ್ ಹವಳವನ್ನು ಎರಡು ಸಲ ಚುಚ್ಚಿ ನೋಡಿ ಬಿಟ್ಟಿತು. ಟ್ರೈಡಾಕ್ನಾವನ್ನು ಬಿಡಲಿಲ್ಲ. ಅದರ ನೀಲಿ ಅಂಚನ್ನು ದಿನಕ್ಕೆ ಹತ್ತು ಸಲ ಕುಟುಕುತ್ತಿತ್ತು, ಚಿಪ್ಪು ಬಾಯಿ ಮುಚ್ಚುತ್ತಿತ್ತು. ಹಗಲಿಡೀ ಮುಚ್ಚಿಕೊಂಡಿದ್ದರೆ ಅದಕ್ಕೆ ಬೆಳಕಿಲ್ಲ, ಬೆಳಕಿಲ್ಲದಿದ್ದರೆ ಅದಕ್ಕೆ ಊಟವಿಲ್ಲ. ಕಪ್ಪೆಚಿಪ್ಪಿನಲ್ಲಿ ಊಟ ಕಲಿಸಿದವನು ನಾನೇ, ಯಾರನ್ನು ದೂರುವುದು? ಟ್ರೈಡಾಕ್ನಾವನ್ನು ಗೆಳೆಯನೊಬ್ಬನ ಟ್ಯಾಂಕಿಗೆ ಕೊಟ್ಟುಬಿಟ್ಟೆ. ಇವತ್ತಿಗೂ ಅವನ ಮನೆಗೆ ಹೋದರೆ ಮೊದಲು ಅದರ ಮುಂದೆ ನಿಲ್ಲುತ್ತೇನೆ.

ನೀರಿನ ಲೆಕ್ಕವೂ ಬದಲಾಯಿತು. ಮೊದಲು ದಿನಕ್ಕೆ ಒಂದು ಸಲ ಊಟ ಹಾಕುತ್ತಿದ್ದ ಟ್ಯಾಂಕಿಗೆ ಈಗ ಮೂರು ಸಲ. ನೀರಿನ ಕೊಳೆ ತೋರಿಸುವ ನೈಟ್ರೇಟ್ ಲೀಟರಿಗೆ 5 ಮಿಲಿಗ್ರಾಂ ಆಸುಪಾಸಿನಲ್ಲಿದ್ದದ್ದು 25ಕ್ಕೆ ಹೋಯಿತು, ಫಾಸ್ಫೇಟ್ 0.04ರಿಂದ 0.15ಕ್ಕೆ. ಗಾಜಿನ ಮೇಲೆ ಪಾಚಿ, ಕಲ್ಲಿನ ಮೇಲೆ ಹಸಿರು ಕೂದಲು. ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್ ದೊಡ್ಡದು ಹಾಕಬೇಕಾಯಿತು, ಸಂಪಿನಲ್ಲಿ ಪಾಚಿ ಬೆಳೆಸಲು ಜಾಗ ಮಾಡಬೇಕಾಯಿತು. ಆ ಪಾಚಿಯ ಕೋಣೆಗೆ ದೀಪ ಹಾಕಿದ ಮೇಲೆ ಅಲ್ಲಿ ಯಾರು ಬಂದು ನೆಲೆಸಿದರು ಎಂದು ಬೇರೆ ಹೇಳಬೇಕಾಗಿಲ್ಲ. ಸಂಪಿಗೆ ಮೀನು ಹೋಗುವುದಿಲ್ಲ. ಅಲ್ಲಿಂದ ಚೂರುಗಳು ಪಂಪಿನ ಮೂಲಕ ಮೇಲಕ್ಕೆ ಬರುತ್ತಲೇ ಇರುತ್ತವೆ, ಮೀನು ಹೆಕ್ಕುತ್ತಲೇ ಇರುತ್ತದೆ. ಮುಗಿಯಿತು ಎಂದು ಹೇಳುವ ದಿನ ಬರುವುದಿಲ್ಲ. ಕಾಣುವುದಿಲ್ಲ ಎಂದು ಹೇಳುವ ದಿನ ಬರುತ್ತದೆ.

ಆ ದಿನ ಬಂದ ಮೇಲೆ ಇನ್ನೊಂದು ಗಾಬರಿ. ನಾಲ್ಕನೇ ತಿಂಗಳ ಕೊನೆಯಲ್ಲಿ ಮೀನಿನ ಬೆನ್ನು ತಲೆಯ ಹಿಂದೆ ತುಸು ಚಿವುಟಿದಂತೆ ಕಂಡಿತು. ಮೈಸಿಸ್ ತಿನ್ನುತ್ತಲೇ ಇತ್ತು, ಆದರೆ ಟ್ಯಾಂಗ್ ಮತ್ತು ಕ್ಲೌನ್‌ಗಳ ವೇಗಕ್ಕೆ ಅದು ಸಾಟಿಯಲ್ಲ. ಪ್ರತಿ ತುತ್ತನ್ನೂ ನೋಡಿ, ಯೋಚಿಸಿ, ಆಮೇಲೆ ಬಾಯಿ ಹಾಕುವ ಜೀವ. ಇಷ್ಟು ದಿನ ಕಲ್ಲಿನಲ್ಲಿ ನಡುಹೊತ್ತಿನಲ್ಲಿ ಸಿಗುತ್ತಿದ್ದ ಚಿಲ್ಲರೆ ತಿಂಡಿಯನ್ನು ಅದು ತಾನೇ ಮುಗಿಸಿಕೊಂಡಿತ್ತು. ಮತ್ತೆ ಚಿಪ್ಪಿಗೆ ಹೋದೆ: ಟ್ಯಾಂಗ್‌ಗೆ ಒಂದು ಮೂಲೆಯಲ್ಲಿ ಕಡಲಪಾಚಿಯ ಹಾಳೆ ಸಿಕ್ಕಿಸಿ, ಅದು ಅದರಲ್ಲಿ ಮುಳುಗಿದ ಮೇಲೆ ಇನ್ನೊಂದು ಮೂಲೆಯಲ್ಲಿ ಚಿಪ್ಪು ಇಳಿಸುವುದು. ವಾರಕ್ಕೆರಡು ಸಲ ಬ್ಲ್ಯಾಕ್‌ವರ್ಮ್. ಮತ್ತು ಬಕೆಟ್. ಅದನ್ನು ಎಸೆಯಬೇಕೆಂದಿದ್ದೆ, ಎಸೆಯಲಿಲ್ಲ. ಈಗ ಹದಿನೈದು ದಿನಕ್ಕೊಮ್ಮೆ ಅದರಿಂದ ಒಂದು ಕಲ್ಲು ತೆಗೆದು ಮೀನಿನ ದಾರಿಯಲ್ಲಿ ಇಡುತ್ತೇನೆ, ಬೋಳಾದ ಕಲ್ಲನ್ನು ವಾಪಸ್ಸು ಬಕೆಟ್ಟಿಗೆ ಹಾಕುತ್ತೇನೆ. ಬೋಳು ಎಂದು ನಾವು ಅಂದುಕೊಳ್ಳುವುದು. ಒಂದು ತಿಂಗಳಲ್ಲಿ ಮತ್ತೆ ತುಂಬಿರುತ್ತದೆ.

ಈ ಮೀನು ಬಂದು ಎರಡು ವರ್ಷ ದಾಟಿತು. 9 ಸೆಂಟಿಮೀಟರಿನದು 15ರ ಹತ್ತಿರ ಬಂದಿದೆ. ನಾನು ಗಾಜಿನ ಹತ್ತಿರ ಹೋದರೆ ಮುಂದೆ ಬಂದು, ಬೆನ್ನಿನ ಮುಳ್ಳು ಎತ್ತಿ, ಒಂದು ಕಣ್ಣಿನಿಂದ ನನ್ನನ್ನು ನೋಡುತ್ತದೆ. ಕೈಯಲ್ಲಿ ಚಿಪ್ಪಿಲ್ಲದಿದ್ದರೆ ತಿರುಗಿ ಹೋಗುತ್ತದೆ.

ಟ್ರೈಡಾಕ್ನಾ ತೆಗೆದುಕೊಂಡು ಹೋದ ಗೆಳೆಯ ಮೊನ್ನೆ ಬಂದಿದ್ದ. ಅವನ ಟ್ಯಾಂಕಿಗೂ ಐಪ್ಟೇಸಿಯಾ ಹೊಕ್ಕಿದೆ. ನಾನು ಕೊಟ್ಟ ಚಿಪ್ಪಿನ ಅಡಿಯಿಂದಲೇ ಹೋಗಿದ್ದಿರಬಹುದು. ಅವನು ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಸ್ವಲ್ಪ ಹೊತ್ತು ಮೀನು ನೋಡಿ ಕೇಳಿದ:

"ಒಂದು ತಿಂಗಳ ಮಟ್ಟಿಗೆ ಇದನ್ನ ನಮ್ಮನೆಗೆ ಕಳಿಸ್ತೀಯೇನೋ ಮಾರಾಯ? ಎಲ್ಲ ತಿಂದು ಮುಗಿಸಿದ ಮೇಲೆ ತಂದುಕೊಡ್ತೀನಿ."

"ನಾನು ಕೊಟ್ಟ ಚಿಪ್ಪು ಅಲ್ಲೇ ಇದೆಯಲ್ಲೋ, ಅದನ್ನ ತಿಂದುಬಿಡತ್ತೆ."

"ಹಾಗಾದ್ರೆ ನಾನೇ ಒಂದು ತಂದ್ಕೊಳ್ಲಾ?"

ಫ್ರಿಜ್ ತೆರೆದು ಹುಳುವಿನ ಡಬ್ಬಿ ತೆಗೆದೆ. ಅರ್ಧದಷ್ಟು ಇನ್ನೊಂದು ಡಬ್ಬಿಗೆ ಸುರಿದು, ನೀರು ದಿನಾ ಬದಲಿಸಬೇಕು, ತಟ್ಟೆ ಅಗಲ ಇರಬೇಕು ಎಂದು ಹೇಳಿ ಅವನ ಕೈಗೆ ಕೊಟ್ಟೆ. "ಮೊದಲು ಇದನ್ನ ಒಂದು ತಿಂಗಳು ಸಾಕು. ಆಮೇಲೆ ಮಾತಾಡೋಣ."

ಅವನು ಮುಚ್ಚಳ ತೆಗೆದು ನೋಡಿದ, ಮುಚ್ಚಿದ. "ಮನೇಲಿ ಏನಂತ ಹೇಳ್ಲಿ?" ಅಂದ. ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು.